ಉಂಡೆ ಕಡೆಯುವ ಕೈ

ನಾನು ಮಾಡಿದ ವಸ್ತುವನ್ನು ನಾನು ನಂಬುವುದಿಲ್ಲ. ಬೇರೆಯವರು ನಂಬಿಬಿಟ್ಟರೆ ಇನ್ನೂ ಭಯ. ಕಾರ್ಖಾನೆ ಬಿಟ್ಟ ಮೇಲಾದರೂ ಈ ಗುಣ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ. ಐವತ್ತು ದಾಟಿದ ಮೇಲೆ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡಾಗ ಅದೂ ನನ್ನ ಜೊತೆಯಲ್ಲೇ ಚನ್ನಪಟ್ಟಣದ ಮನೆಗೆ ಬಂದು, ಹಿತ್ತಲ ಶೆಡ್ಡಿನಲ್ಲಿ ನನಗಿಂತ ಮುಂಚೆ ಜಾಗ ಹಿಡಿದು ಕೂತಿತು.

ಟರ್ನರ್ ಕೆಲಸ ಕಲಿಯುವ ಹುಡುಗರು, ಈಗೀಗ ಹುಡುಗಿಯರೂ, ಆಗಾಗ ಆ ಶೆಡ್ಡು ನೋಡಲು ಬರುತ್ತಾರೆ. ಒಂದು ಕಾಲಕ್ಕೆ ನಮ್ಮಪ್ಪ ಅಲ್ಲಿ ರೇಷ್ಮೆ ಹುಳು ಮೇಯಿಸುತ್ತಿದ್ದರು. ಈಗ ರಾಮನಗರದ ಗುಜರಿಯಲ್ಲಿ ಸಿಕ್ಕಿದ ಹಳೆಯ ಲೇತು ಒಂದಿದೆ, ಗೋಡೆಯ ತುಂಬ ನಾನೇ ಮಾಡಿ ತೂಗುಹಾಕಿದ ಅಟ್ಯಾಚ್‌ಮೆಂಟುಗಳಿವೆ. ಬಂದವರಿಗೆ ಹೇಳುವುದು ಇಷ್ಟೇ: ಲೇತು ಪಾಪದ ಪ್ರಾಣಿ. ಕಬ್ಬಿಣವನ್ನು ತಿರುಗಿಸುತ್ತದೆ, ಟೂಲು ನೇರವಾಗಿ ಹೋಗಿ ಕೊರೆಯುತ್ತದೆ, ಅಷ್ಟೇ ಅದಕ್ಕೆ ಗೊತ್ತಿರುವುದು. ಓರೆಯಾಗಿ ಕೊರೆಯಬೇಕಾದರೆ, ಉದ್ದದ ಸರಳು ಬಳುಕದಂತೆ ಹಿಡಿಯಬೇಕಾದರೆ, ಉಂಡೆ ಮಾಡಬೇಕಾದರೆ ಅದರ ಮೇಲೆ ಇನ್ನೇನನ್ನೋ ಕೂರಿಸಬೇಕು. ಕಾರ್ಖಾನೆಯವರು ಅದನ್ನು ಕೊಂಡು ತರುತ್ತಾರೆ. ನನ್ನಂಥವರು ಮಾಡಿಕೊಳ್ಳುತ್ತೇವೆ, ಆಮೇಲೆ ಅದು ಕಿತ್ತುಕೊಂಡು ಯಾರ ಮುಖಕ್ಕೆ ಹಾರುತ್ತದೋ ಅಂತ ಚಿಂತೆ ಮಾಡುತ್ತೇವೆ.

ಗೋಡೆಯ ಮೇಲೆ ಒಂದು ಮೊಳೆ ಖಾಲಿ ಇದೆ. ಅಲ್ಲಿರಬೇಕಾದ ವಸ್ತು ಪಕ್ಕದ ಬೀದಿಯಲ್ಲಿ ಬೊಂಬೆ ಮಾಡುವ ಅನ್ವರನ ಲೇತಿನ ಮೇಲಿದೆ. ಅದು ಕೈಕೊಟ್ಟಿದ್ದರೆ ಅನ್ವರ್ ತನ್ನ ಲೇತನ್ನೇ ಮಾರಿ, ಹೈವೇ ಬದಿಯ ಭಾವಮೈದುನನ ಅಂಗಡಿಯಲ್ಲಿ ಕೂತು ಬೇರೆಯವರು ಕಡೆದ ಬೊಂಬೆ ಮಾರಿಕೊಂಡಿರುತ್ತಿದ್ದ. ಕೈಕೊಡುವುದಕ್ಕೆ ಕೂದಲೆಳೆಯಷ್ಟು ಬಾಕಿಯಿತ್ತು. ಅದಕ್ಕೆ ಕಾರಣರಾದವರು ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಕಲಿಸಿದ ಫೋರ್‌ಮನ್ ಪರಮೇಶಯ್ಯ. ಪಾಪ, ಅವರು ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಪರಮೇಶಯ್ಯನವರು ಮಾಗಡಿ ಕಡೆಯವರು. ಬೆಳಿಗ್ಗೆ ಟೂಲ್ ರೂಮಿಗೆ ಬಂದವರೇ ಯಾರಿಗೂ ನಮಸ್ಕಾರ ಹೇಳುತ್ತಿರಲಿಲ್ಲ, ಒಂದೊಂದು ಲೇತಿನ ಕಬ್ಬಿಣದ ಹಾಸಿನ ಮೇಲೂ ಬೆರಳೆಳೆದುಕೊಂಡು ಹೋಗುತ್ತಿದ್ದರು. ನಾನು ಸೇರಿದ ಹೊಸದರಲ್ಲಿ ಆ ಬೆರಳು ನನ್ನ ಮೂಗಿನ ಮುಂದೆ ಬಂದು ನಿಂತಿತು.

"ಏನಯ್ಯಾ ಇದು?"

"ಬೆರಳು ಸಾರ್."

"ಒದ್ದೆ ಐತಾ, ಒಣಗೈತಾ?"

"ಒಣಗೈತೆ ಸಾರ್."

"ಮಿಷಿನ್ ಒಣಗಿದ್ರೆ ನಿನ್ ಬಾಯಿ ಒಣಗ್ಬೇಕು ಕಣಯ್ಯಾ. ಹೋಗು, ಎಣ್ಣೆ ಬುಡು."

ಆವತ್ತಿನಿಂದ ಒಣಗಿದ ಕಬ್ಬಿಣ ಕಂಡರೆ ನನ್ನ ಬಾಯಿ ನಿಜವಾಗಿಯೂ ಒಣಗುತ್ತದೆ. ಉಯ್ಯಂಬಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ ಹೊಸ ಗೇಟು ಕಿರ್ ಎಂದಿತು. ಹೋಮದ ಪಕ್ಕದಲ್ಲಿದ್ದ ತುಪ್ಪದ ಬಟ್ಟಲಿನ ಕಡೆ ನನ್ನ ಕೈ ಹೋದದ್ದನ್ನು ನೋಡಿ ನನ್ನ ಹೆಂಡತಿ ಭಾಗ್ಯ ನಡುವೆ ಬಂದು ನಿಂತಳು. ಪುರೋಹಿತರಿಗೆ ಏನೂ ತಿಳಿಯಲಿಲ್ಲ. ಭಾಗ್ಯ ಮಾತ್ರ ಊಟ ಮುಗಿಯುವವರೆಗೆ ನನ್ನ ಬಲಗೈ ಮೇಲೆ ಒಂದು ಕಣ್ಣಿಟ್ಟಿದ್ದಳು.

ನನ್ನ ಮೊದಲ ಅಟ್ಯಾಚ್‌ಮೆಂಟನ್ನು ಮಾಡಿಸಿದವರೂ ಪರಮೇಶಯ್ಯನವರೇ. ಉದ್ದನೆಯ ಶಾಫ್ಟನ್ನು ಕಡೆಯುವಾಗ ಅದು ನಡುವೆ ಬಳುಕುತ್ತದೆ. ಸುತ್ತ ಒಂದು ಬಳೆ ನಿಲ್ಲಿಸಿ, ಅದರೊಳಗಿಂದ ಮೂರು ಹಿತ್ತಾಳೆ ಬೆರಳು ಚಾಚಿ ಹಿಡಿಯಬೇಕು. ಅದಕ್ಕೆ ಸ್ಟೆಡಿ ಅನ್ನುತ್ತಾರೆ. "ಇಂಡೆಂಟ್ ಹಾಕಿದ್ರೆ ಅದು ಬರೋವೊತ್ಗೆ ನಾನ್ ರಿಟೈರ್ ಆಗಿರ್ತೀನಿ, ನೀನೇ ಮಾಡಯ್ಯಾ" ಅಂದರು. ಮಾಡಿದೆ. ಕನ್ನಡಿಯ ಹಾಗೆ ಪಾಲಿಶ್ ಮಾಡಿದೆ. ಎಲ್ಲಿ ಬಿರುಕು ಬಿಡುತ್ತದೋ ಎಂಬ ಭಯಕ್ಕೆ ಬೇಕಾದ್ದಕ್ಕಿಂತ ದಪ್ಪ ಮಾಡಿದೆ, ಬಿಚ್ಚಿ ಹಾಕುವ ಜೋಡು ಎಲ್ಲೂ ಇಡದೆ ಇಡೀ ಬಳೆಯನ್ನು ಒಂದೇ ತುಂಡಿನಲ್ಲಿ ತೆಗೆದೆ. ಅದನ್ನು ಹಾಕಬೇಕಾಗಿದ್ದ ಶಾಫ್ಟಿಗೆ ಎರಡು ತುದಿಯಲ್ಲೂ ಅಗಲವಾದ ತಟ್ಟೆಗಳಿದ್ದವು. ಜೋಡಿಲ್ಲದ ಬಳೆಯೊಳಗೆ ಅದು ಯಾವ ಕಡೆಯಿಂದಲೂ ಹೋಗುವಂತಿರಲಿಲ್ಲ.

ಪರಮೇಶಯ್ಯನವರು ಬಳೆಯನ್ನು ಎತ್ತಿ, ಶಾಫ್ಟಿನ ಈ ತುದಿಗೆ ಹಿಡಿದು ನೋಡಿದರು. ಆ ತುದಿಗೆ ಹೋಗಿ ಹಿಡಿದು ನೋಡಿದರು. "ತುಂಬಾ ಗಟ್ಟಿಯಾಗೈತೆ" ಅಂದರು. ಬೈಯಲಿಲ್ಲ. ಅದನ್ನು ಗೋಡೆಗೆ ತೂಗುಹಾಕಿಸಿ, ಪ್ರತಿ ಆಯುಧಪೂಜೆಗೂ ಎಲ್ಲ ಮಿಷಿನ್ನುಗಳಿಗಿಂತ ಮೊದಲು ಅದಕ್ಕೆ ಹಾರ ಹಾಕಿಸಿದರು. ನನಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಹಾರ ಮಾತ್ರ ತಪ್ಪಲಿಲ್ಲ. ಹೊಸಬರು ಅದು ಯಾವ ದೇವರು ಅಂತ ಕೇಳಿದರೆ ನನ್ನನ್ನು ತೋರಿಸುತ್ತಿದ್ದರು.

ಆಮೇಲೆ ಕಂಪ್ಯೂಟರ್ ಲೇತುಗಳು ಬಂದವು. ಟರ್ನರ್ ಕೆಲಸ ಕಲಿಯುವ ನೀವು ನಾಳೆ ಕಾರ್ಖಾನೆ ಸೇರಿದರೆ ಕಾಣುವುದು ಅವನ್ನೇ, ಅದಕ್ಕೆ ಇಷ್ಟು ಹೇಳುತ್ತೇನೆ. ಅವು ಒಳ್ಳೆಯ ಮಿಷಿನ್ನುಗಳು. ನಾವು ಇಡೀ ದಿನ ಪರದಾಡಿ ಮಾಡುವ ಉಂಡೆಯನ್ನು ನೀವು ಆಕಳಿಸಿ ಮುಗಿಸುವಷ್ಟರಲ್ಲಿ ಮಾಡಿ ಬುಟ್ಟಿಗೆ ಉದುರಿಸುತ್ತವೆ. ಆದರೆ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತವೆ. ಗಾಜಿನಾಚೆ ಹಾಲಿನಂಥ ನೀರು ಎರಚುತ್ತಿರುತ್ತದೆ, ಈಚೆ ನಾವು ಆಸ್ಪತ್ರೆಯಲ್ಲಿ ನೆಂಟರನ್ನು ನೋಡಲು ಬಂದವರ ಹಾಗೆ ನಿಂತಿರುತ್ತೇವೆ. ಎಣ್ಣೆಯನ್ನೂ ಅವೇ ಹಾಕಿಕೊಳ್ಳುತ್ತವೆ. ನನಗೆ ಉಳಿದದ್ದು ಅಳತೆ ನೋಡುವ ಕೆಲಸ. ಅಳತೆ ಯಾವತ್ತೂ ಸರಿಯಾಗಿಯೇ ಇರುತ್ತಿತ್ತು. ಚಿಂತೆ ಮಾಡುವವನಿಗೆ ಅದಕ್ಕಿಂತ ಹಿಂಸೆ ಇಲ್ಲ. ಸ್ವಯಂ ನಿವೃತ್ತಿಯ ಮಾತು ಬಂದಾಗ ಸಹಿ ಹಾಕಿ ಹೊರಗೆ ಬಂದು, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಬಸ್ಸಿನಲ್ಲಿ ಮನೆಯವರೆಗೆ ನಿದ್ದೆ ಮಾಡಿದೆ.

ಶೆಡ್ಡಿನಲ್ಲಿ ಯಾರಿಗೂ ಬೇಡದ್ದನ್ನು ಮಾಡತೊಡಗಿದೆ. ಅದರ ಸುಖ ಮಾಡಿದವರಿಗೇ ಗೊತ್ತು. ಒಂದು ಅಟ್ಯಾಚ್‌ಮೆಂಟ್ ಮಾಡಿದೆ. ಅದರ ಹಿಡಿಗೆ ತುದಿಯಲ್ಲೊಂದು ಉಂಡೆ ಇದ್ದರೆ ಚೆನ್ನ ಅನ್ನಿಸಿತು. ಉಂಡೆ ಕಡೆಯಲು ಇನ್ನೊಂದು ಅಟ್ಯಾಚ್‌ಮೆಂಟ್ ಮಾಡಿದೆ. ಅದರ ರಚನೆ ಸರಳ. ತಿರುಗುವ ತುಂಡಿನ ಕೆಳಗೆ ಒಂದು ಗೂಟ, ಗೂಟದ ಸುತ್ತ ಸುತ್ತುವ ತೋಳು, ತೋಳಿನ ಮೇಲೆ ಟೂಲು. ಹಿಡಿಯನ್ನು ಆಚೆಯಿಂದ ಈಚೆಗೆ ಎಳೆದರೆ ಟೂಲಿನ ಮೊನೆ ಅರ್ಧ ಚಂದ್ರದ ಹಾಗೆ ಬಳಸಿಕೊಂಡು ಬರುತ್ತದೆ, ತುಂಡು ಉಂಡೆಯಾಗುತ್ತದೆ. ಅದನ್ನು ಓಡಿಸುತ್ತಿದ್ದ ಒಂದು ಮಧ್ಯಾಹ್ನ ಅನ್ವರ್ ಬಂದ.

ಅನ್ವರ್ ನನ್ನ ಜೊತೆ ಓದಿದವನು. ತಾತನ ಕಾಲದಿಂದ ಬೊಂಬೆ ಕಡೆಯುವ ಮನೆ ಅವರದು. ತಲೆಯಾಡಿಸುವ ಬೊಂಬೆಯ ತಲೆಗೆ ಇಡೀ ಊರಿನಲ್ಲಿ ಇವನದೇ ಕೈ. ಆ ಕೈ ಹಿಂದಿನ ಮಳೆಗಾಲದಲ್ಲಿ ಕೆಂಗಲ್ ತಿರುವಿನಲ್ಲಿ ಸ್ಕೂಟರ್ ಜಾರಿ ಮುರಿದಿತ್ತು. ಮಣಿಕಟ್ಟಿನೊಳಗೆ ಪ್ಲೇಟು ಕೂರಿಸಿದ್ದರು. ಊಟ ಮಾಡಬಹುದು, ಅಂಗಿ ಗುಂಡಿ ಹಾಕಿಕೊಳ್ಳಬಹುದು. ಆದರೆ ಉಳಿ ಹಿಡಿದು ಮಣಿಕಟ್ಟು ತಿರುಗಿಸಿ ತಲೆಯ ಗುಂಡು ತೆಗೆಯಲು ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತು ನನ್ನ ಕೆಲಸ ನೋಡುತ್ತ ನಿಂತ.

"ಇದೇನ್ಲಾ ಮರಿ ಇದು?" ನಾನು ಮರಿಸ್ವಾಮಿ. ಅವನಿಗೆ ಮೊದಲಿನಿಂದಲೂ ಮರಿ.

"ಉಂಡೆ ಮಾಡದು ಕಣ್ಲಾ. ಹಿಡಿಗೆ ಬೇಕಿತ್ತು."

"ಅಂಗಡೀಲಿ ಸಿಗಾಕಿಲ್ವಾ?"

"ಸಿಗ್ತದೆ."

"ಮತ್ಯಾಕ್ಲಾ ಮಾಡ್ತಿದ್ದೀಯ?"

ಅಡುಗೆಮನೆಯ ಕಿಟಕಿಯಿಂದ ಭಾಗ್ಯ ಕೂಗಿದಳು: "ಕೇಳಿ ಅನ್ವರಣ್ಣ, ಕೇಳಿ. ಗೊತ್ತಾದ್ರೆ ನಂಗೂ ಒಸಿ ಹೇಳಿ."

ಅನ್ವರ್ ನಗಲಿಲ್ಲ. ಬಲಗೈಯ ಎರಡು ಬೆರಳನ್ನು ಹಿಡಿಗೆ ತಗುಲಿಸಿ ಮೆಲ್ಲಗೆ ಎಳೆದ. ತೋಳು ಸುತ್ತಿಕೊಂಡು ಬಂತು. ಮತ್ತೆ ತಳ್ಳಿದ, ಮತ್ತೆ ಎಳೆದ.

"ಮಣಿಕಟ್ಟು ತಿರುಗ್ಸಂಗೇ ಇಲ್ವಲ್ಲೋ."

"ಇಲ್ಲ. ಮೊಳಕೈಯಿಂದ ಆಡಿಸಿದ್ರೆ ಸಾಕು."

"ನಂಗೊಂದು ಮಾಡ್ಕೊಡ್ಲಾ."

ನನ್ನ ಬಾಯಿ ಒಣಗಿತು. ಮರದ ಲೇತು ಕಬ್ಬಿಣದ ಲೇತಿಗಿಂತ ಬಿರುಸಾಗಿ ತಿರುಗುತ್ತದೆ. ಟೂಲು ಕಚ್ಚಿಕೊಂಡರೆ? ತುಂಡು ಹಾರಿದರೆ? ಕೈ ಹೋದವನ ಕಣ್ಣೂ ಹೋದರೆ? "ಇದು ಕಬ್ಬಿಣಕ್ಕೆ ಕಣ್ಲಾ, ಮರಕ್ಕಲ್ಲ" ಅಂದೆ.

"ನನ್ ಕೈಯೊಳಗೂ ಕಬ್ಬಿಣ ಐತೆ. ಎರಡೂ ಹೊಂದ್ಕೋತವೆ, ಮಾಡು."

ಮಾಡಿದೆ. ಬೊಂಬೆಯವರು ಕೂತು ಕೆಲಸ ಮಾಡುತ್ತಾರೆ, ಆದ್ದರಿಂದ ನನ್ನದನ್ನೇ ಬಿಚ್ಚಿ ಅದರ ಹಿಡಿಯನ್ನು ಕೂತವನ ಮೊಳಕೈ ಮಟ್ಟಕ್ಕೆ ಇಳಿಸಿದೆ. ತೋಳು ಅಳತೆ ಮೀರಿ ಹೋಗದಂತೆ ಎರಡು ಕಡೆ ತಡೆ ಇಟ್ಟೆ. ತಡೆ ಸಡಿಲವಾದರೆ ಎಂದು ಅದಕ್ಕೊಂದು ತಡೆ. ಮುಂದೆ ದಪ್ಪ ಪ್ಲಾಸ್ಟಿಕ್ಕಿನ ಅಡ್ಡಗಾಜು. ಎಲ್ಲ ಹೊತ್ತುಕೊಂಡು ಹೋಗಿ ಕೂರಿಸಿದಾಗ ಅನ್ವರ್ ಸುತ್ತ ಬಂದು ನೋಡಿ, "ಬೊಂಬೆ ಮಾಡಾಕಾ, ಯುದ್ಧಕ್ಕೆ ಹೋಗಾಕಾ?" ಅಂದ. ಆದರೆ ಬೊಂಬೆಗೆ ಬಳಸುವ ಬಿಳಿ ಆಲೆಮರದ ಮೊದಲ ತುಂಡು ನಿಂಬೆಹಣ್ಣಿನ ಹಾಗೆ ದುಂಡಗೆ ಬಂದಾಗ ಅದನ್ನು ಅಂಗೈಯಲ್ಲಿ ಉರುಳಿಸಿ ಉರುಳಿಸಿ ನೋಡಿದ. ಅವನ ಹೆಂಡತಿ ಶಾಹೀನ ಒಳಗಿನಿಂದ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದಳು.

ನನಗೆ ಸಕ್ಕರೆ ತಿಂದರೂ ಸಮಾಧಾನವಿಲ್ಲ. ದಿನಾ ಸಾಯಂಕಾಲ ಎಣ್ಣೆ ಕ್ಯಾನ್ ಹಿಡಿದು ಅವನ ಕಾರ್ಖಾನೆಗೆ ಹೋಗುತ್ತಿದ್ದೆ. ಬೋಲ್ಟು ಬಿಗಿ ಮಾಡಿ, ಗೂಟಕ್ಕೆ ಎಣ್ಣೆ, ತೋಳಿಗೆ ಎಣ್ಣೆ, ಹಿಡಿಯ ಬುಡಕ್ಕೆ ಎಣ್ಣೆ. ಮರದ ಪುಡಿ ಎಣ್ಣೆ ಹೀರುತ್ತದಲ್ಲ, ಅದಕ್ಕೆ ಇನ್ನೊಂದಿಷ್ಟು. ಪರಮೇಶಯ್ಯನವರು ನೋಡಿದ್ದರೆ ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಿದ್ದರು.

ತಲೆಗಳು ಒಂದು ಬುಟ್ಟಿ ತುಂಬಿದ ಮೇಲೆ ಅನ್ವರ್ ಬಣ್ಣಕ್ಕೆ ಕೂತ. ಚನ್ನಪಟ್ಟಣದ ಬೊಂಬೆಗೆ ಬಣ್ಣವನ್ನು ಕುಂಚದಲ್ಲಿ ಬಳಿಯುವುದಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಎಷ್ಟು ಒತ್ತಬೇಕು ಅನ್ನುವುದು ಕೈಗೆ ಗೊತ್ತಿರಬೇಕು. ಆವತ್ತು ಅರಗು ಹತ್ತಿತು, ಆದರೆ ಅಲ್ಲಲ್ಲಿ ಮೋಡ ಕಟ್ಟಿದ ಹಾಗೆ. ಬೆಳಿಗ್ಗೆ ಎದ್ದು ಉಗುರಿನಿಂದ ಗೀರಿದರೆ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಇಡೀ ಬುಟ್ಟಿ ಹಾಗೇ.

"ಕೈ ಒತ್ತು ಕೊಡ್ತಿಲ್ಲ ಕಣ್ಲಾ" ಅಂದ ಅನ್ವರ್. "ನೀ ಏನ್ ಮಾಡ್ಕೊಟ್ರೂ ಕೊನೇಗೆ ಒತ್ಬೇಕಾದ್ದು ಈ ಕೈನೇ ತಾನೆ. ಹೋಯ್ತು ಬುಡು."

ನಾನು ಬಿಡಲಿಲ್ಲ. ಟೂಲು ಮರವನ್ನು ಸಿಗಿಯುತ್ತಿದೆಯೇನೋ ಎಂದು ಹೊಸದಾಗಿ ಸಾಣೆ ಹಿಡಿದೆ. ಮರ ಹಸಿ ಇರಬಹುದೆಂದು ವಿರೂಪಾಕ್ಷಿಪುರದಿಂದ ಚೆನ್ನಾಗಿ ಒಣಗಿದ ಆಲೆಮರ ತರಿಸಿದೆ. ವೇಗ ಇಳಿಸಿದೆ, ಏರಿಸಿದೆ. ಏನೇ ಬದಲಾಯಿಸಿದರೂ ಕೊನೆಗೆ ಎಲ್ಲದಕ್ಕೂ ಎಣ್ಣೆ ಬಿಟ್ಟೇ ಮನೆಗೆ ಹೋಗುತ್ತಿದ್ದೆ. ಅರಗು ಮೊದಲಿಗಿಂತ ಚೆನ್ನಾಗಿ ಕಿತ್ತುಬರತೊಡಗಿತು.

ಅನ್ವರ್ ಮಾಗಡಿಯಲ್ಲಿ ಲಟ್ಟಣಿಗೆ ಮಾಡುವ ಒಬ್ಬರಿಗೆ ಫೋನ್ ಮಾಡಿ, ಲೇತು ಕೊಡುತ್ತೇನೆ, ಬಂದು ನೋಡಿ ಅಂದುಬಿಟ್ಟ. ಅವರು ಶುಕ್ರವಾರ ಬರುತ್ತೇನೆ ಅಂದರು. ಗುರುವಾರ ಸಾಯಂಕಾಲ ನಾನು ಹೋದಾಗ ಅವನು ಉಳಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಏನೂ ತಿಳಿಯದಾಗ ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ, ಎಣ್ಣೆ ಕ್ಯಾನ್ ಎತ್ತಿಕೊಂಡೆ.

ಟೀ ತಂದ ಶಾಹೀನ ಅಲ್ಲೇ ನಿಂತಳು. "ಮರಿಯಣ್ಣ, ಒಂದ್ಮಾತು ಕೇಳ್ಲಾ? ಕೂಸಿಗೆ ತಲೆಗೆಣ್ಣೆ ಇಟ್ಟಂಗೆ ದಿನಾ ಇಡ್ತೀರಲ್ಲ ಇದ್ಕೆ. ಇವರ ಕೈಯೆಲ್ಲಾ ಇದೇ ವಾಸ್ನೆ. ಟವಲ್ಲೂ ಇದೇ ವಾಸ್ನೆ. ಒಗದು ಒಗದು ಸಾಕಾಗೈತೆ."

ಕ್ಯಾನಿನ ಮೂತಿ ಗೂಟದ ಮೇಲೆಯೇ ನಿಂತಿತು. ಹಿಡಿಯಿಂದ ಕೈಗೆ. ಮರ ಕಡೆಯುವವರು ದುಂಡಗಾಯಿತೋ ಇಲ್ಲವೋ ಎಂದು ಘಳಿಗೆಗೊಮ್ಮೆ ಬೆರಳಿನಿಂದ ಸವರಿ ನೋಡುತ್ತಾರೆ. ಕೈಯಿಂದ ಮರಕ್ಕೆ. ಆಲೆಮರ ಬಿಳಿ ಬಟ್ಟೆಯ ಹಾಗೆ, ಏನು ಕೊಟ್ಟರೂ ಕುಡಿಯುತ್ತದೆ. ಕುಡಿದ ಎಣ್ಣೆಯ ಮೇಲೆ ಅರಗು ನಿಲ್ಲುವುದಾದರೂ ಹೇಗೆ?

"ಅನ್ವರ್, ನಿನ್ ಕೈಗೇನೂ ಆಗಿಲ್ಲ ಕಣ್ಲಾ! ಎಣ್ಣೆ! ನನ್ ಎಣ್ಣೆ!"

ಅವನು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಂಡ. "ಈ ಮಿಷಿನ್ ಮುಟ್ಟದೇ ಇರೋ ತಲೆ ಯಾವ್ದಾದ್ರೂ ಐತಾ? ಅದಕ್ಕೆ ಅರಗು ಹಿಡಿ, ನೋಡೋಣ" ಅಂದೆ. ಅವನು ಉಳಿ ಸುತ್ತುವುದನ್ನು ಮುಂದುವರಿಸಿದ. ಶಾಹೀನ ಒಳಗೆ ಹೋಗಿ ಒಂದು ತಲೆ ತಂದಳು. ಸ್ಕೂಟರಿನಿಂದ ಬೀಳುವ ಹಿಂದಿನ ದಿನ ಅವನೇ ಕೈಯಲ್ಲಿ ಕಡೆದದ್ದು, ಬಣ್ಣ ಕಾಣದೆ ಉಳಿದದ್ದು. ಅದೊಂದೇ ಇದ್ದದ್ದು.

"ಅದ್ನ ಮುಟ್ಬ್ಯಾಡ" ಅಂದ ಅನ್ವರ್.

ಅವನ ಭಯ ನನಗೆ ಅರ್ಥವಾಯಿತು. ಭಯದ ವಿಷಯದಲ್ಲಿ ನಾನು ಪಳಗಿದವನು. ಅದರ ಮೇಲೂ ಅರಗು ನಿಲ್ಲದಿದ್ದರೆ ಕೈ ಹೋಯಿತೆಂಬುದು ಖಾತ್ರಿಯಾಗುತ್ತದೆ. ಈಗಿರುವ ಅನುಮಾನದಲ್ಲಾದರೂ ಒಂದಿಷ್ಟು ಆಸೆ ಇದೆ.

"ಇವತ್ತು ನೋಡ್ದೆ ನಾಳೆ ಲೇತು ಕೊಟ್ರೆ ಸಾಯೋಗಂಟ ಇದ್ನೇ ನೋಡ್ಕೊಂಡು ಕೂತಿರ್ತೀರ" ಅಂದಳು ಶಾಹೀನ. "ಕೈ ತೊಳ್ಕೊಂಡ್ಬನ್ನಿ."

ಅವನು ಎದ್ದು, ಬಟ್ಟೆ ಸೋಪಿನಲ್ಲಿ ಮೊಳಕೈವರೆಗೆ ಕೈ ತೊಳೆದು ಬಂದ. ನನ್ನ ಅಟ್ಯಾಚ್‌ಮೆಂಟನ್ನು ಬಿಚ್ಚಿ ಹೊರಗೆ ಹಾಕಿ, ಆ ತಲೆಯನ್ನು ಲೇತಿಗೆ ಏರಿಸಿದೆವು. ಕೆಂಪು ಅರಗಿನ ಕಡ್ಡಿ ಹಿಡಿದು ಒತ್ತಿದ. ಅವನ ಹಣೆಯ ನರ ಉಬ್ಬಿತು. ಬಣ್ಣ ಹರಡಿತು, ತಾಳೆಗರಿ ಹಿಡಿದ, ಹೊಳಪು ಬಂತು. ಆದರೆ ಹೊಳಪು ಮೊದಲೂ ಬಂದಿತ್ತು. ಬೆಳಗಾಗದೆ ಏನೂ ಹೇಳುವಂತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮಾಗಡಿಯವರು ಬಂದು ಕುರ್ಚಿಯ ಮೇಲೆ ಕೂತಿದ್ದರು. ಅನ್ವರ್ ತಲೆಯನ್ನು ಕೈಯಲ್ಲಿ ಹಿಡಿದಿದ್ದ, ಗೀರಿ ನೋಡಿರಲಿಲ್ಲ. ನನ್ನ ಕಡೆ ಚಾಚಿದ. "ನೀ ನೋಡ್ಲಾ, ನನ್ ಕೈಲಾಗಾಕಿಲ್ಲ."

ಉಗುರು ಊರಿ ಗೀರಿದೆ. ಏನೂ ಬರಲಿಲ್ಲ. ಬಲವಾಗಿ ಗೀರಿದೆ. ನನ್ನ ಉಗುರು ಮುರಿಯಿತು, ಅರಗು ಹಾಗೇ ಇತ್ತು. ಶಾಹೀನ ಕಿತ್ತುಕೊಂಡು ಕೈಬಳೆಯಿಂದ ಗೀರಿದಳು. ಗೆರೆ ಬಿತ್ತು, ಸಿಪ್ಪೆ ಏಳಲಿಲ್ಲ.

ಇಡೀ ವೃತ್ತಿಯಲ್ಲಿ ನನ್ನದೇ ತಪ್ಪು ಎಂದು ಗೊತ್ತಾದಾಗ ಕುಣಿಯುವಷ್ಟು ಸಂತೋಷವಾದದ್ದು ಅದೊಂದೇ ಸಲ. ಅನ್ವರ್ ನನ್ನ ಬೆನ್ನಿಗೆ ಬಲಗೈಯಿಂದಲೇ ಒಂದು ಗುದ್ದಿದ. ಒತ್ತು ಸಾಲುತ್ತಿಲ್ಲ ಅನ್ನುವ ಮಾತು ಸುಳ್ಳೆಂದು ನನಗೆ ಇನ್ನೊಮ್ಮೆ ಖಾತ್ರಿಯಾಯಿತು.

"ಲೇತು ಕೊಡಾಕಿಲ್ಲ ಯಜಮಾನ್ರೇ, ತಪ್ಪು ತಿಳ್ಕೋಬ್ಯಾಡಿ. ಟೀ ಕುಡ್ಕೊಂಡೋಗಿ" ಅಂದ ಅನ್ವರ್. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹೊರಗೆ ಬಿದ್ದಿದ್ದ ಅಟ್ಯಾಚ್‌ಮೆಂಟನ್ನು ಕಾಲಿನಿಂದ ಸರಿಸಿ ನೋಡಿ, "ಇದು ಲಟ್ಟಣಿಗೆಗೂ ಆಯ್ತದಾ?" ಅಂತ ಕೇಳಿದರು. ನನ್ನ ಬಾಯಿ ಮತ್ತೆ ಒಣಗಿತು.

ಅದನ್ನು ಮನೆಗೆ ತಂದು ಸೀಮೆಎಣ್ಣೆಯಲ್ಲಿ ತೊಳೆದೆ, ಸೋಪಿನ ನೀರಿನಲ್ಲಿ ತೊಳೆದೆ, ಬಿಸಿಲಿಗಿಟ್ಟೆ. ಗೂಟಕ್ಕೆ ಬಳೆಯಂಥ ನೈಲಾನಿನ ಬುಷ್ ಹಾಕಿದೆ. ಅದು ಎಣ್ಣೆ ಕೇಳುವುದಿಲ್ಲ, ಒಣಗಿಕೊಂಡೇ ತಿರುಗುತ್ತದೆ. ಈಗ ಬರುವ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ: ನೀವು ಮಾಡಿದ ವಸ್ತು ಇನ್ನೊಬ್ಬರ ಕಸುಬಿಗೆ ಹೋಗಿ ಕೂತಾಗ, ಆ ಕಸುಬಿಗೆ ಯಾವುದು ಆಗದು ಎಂದು ಮೊದಲು ಕೇಳಿಕೊಳ್ಳಿ. ನಮ್ಮಲ್ಲಿ ಒಳ್ಳೆಯ ಅಭ್ಯಾಸ ಅನ್ನಿಸಿಕೊಂಡದ್ದು ಅಲ್ಲಿ ಕೆಲಸ ಕೆಡಿಸಬಹುದು.

ಶಾಹೀನ ಒಂದು ಕಟ್ಟಳೆ ಮಾಡಿದ್ದಾಳೆ. ಅವರ ಕಾರ್ಖಾನೆಗೆ ಹೋಗುವಾಗ ನಾನು ಚಪ್ಪಲಿಯ ಜೊತೆ ಎಣ್ಣೆ ಕ್ಯಾನನ್ನೂ ಹೊಸಿಲಾಚೆ ಬಿಡಬೇಕು. ಕ್ಯಾನ್ ಇಲ್ಲದೆ ಹೋಗಬಹುದಲ್ಲ ಎಂದು ಭಾಗ್ಯ ಕೇಳುತ್ತಾಳೆ. ಹೋಗಬಹುದು, ಆದರೆ ಕೈ ಕೇಳಬೇಕಲ್ಲ.

ನಿನ್ನೆ ಹೋಗಿದ್ದಾಗ ಅನ್ವರ್ ಬಲಗೈಯ ಎರಡು ಬೆರಳಿನಲ್ಲಿ ಹಿಡಿ ಆಡಿಸುತ್ತಿದ್ದ. ಕಣ್ಣು ಕೆಲಸದ ಮೇಲಿರಲಿಲ್ಲ, ಬಾಗಿಲಲ್ಲಿ ಯಾರೊಂದಿಗೋ ಮಾತಾಡುತ್ತಲೇ ಒಂದು ತಲೆ ಕಡೆದು ಬುಟ್ಟಿಗೆ ಹಾಕಿದ. ಲೇತು ನಿಂತಾಗ ನಾನು ಬಗ್ಗಿ, ಪರಮೇಶಯ್ಯನವರ ಹಾಗೆ ಗೂಟದ ಮೇಲೆ ಬೆರಳೆಳೆದು ನೋಡಿದೆ. ಒಣಗಿತ್ತು. ಚೂರೂ ಪಸೆ ಇರಲಿಲ್ಲ.

ಶಾಹೀನ ಕೊಟ್ಟ ಟೀ ಪಕ್ಕದಲ್ಲೇ ಇತ್ತು. ಕುಡಿಯಲೇಬೇಕು ಅನ್ನಿಸಲಿಲ್ಲ. ನನ್ನ ಬಾಯಿ ಒಣಗಿರಲಿಲ್ಲ.